ಮೂರೆಕರೆಗೆ ನನ್ನದೊಂದು ಸಹಿ

ನಮ್ಮಣ್ಣ ಸೀರೆ ಹಿಡ್ಕೊಂಡು ಬಂದ ದಿನ ನಾನು ಅವನನ್ನ ಒಳಕ್ಕೆ ಕರೆಯಲಿಲ್ಲ. ಗುಂಡ್ಲುಪೇಟೆಯ ನಮ್ಮ ಬಾಡಿಗೆ ಮನೆಗೆ ಇರೋದು ಒಂದೇ ಮೆಟ್ಟಿಲು. ಆ ಮೆಟ್ಟಿಲ ಮೇಲೆ ನಾನು, ಕೆಳಗೆ ರೋಡಲ್ಲಿ ಅವನು. ಕೈಯಲ್ಲಿ ಬಟ್ಟೆ ಅಂಗಡಿ ಕವರು, ಅದರ ಮೇಲೆ ಎರಡು ಮೊಳ ಹೂವು, ಒಂದು ಚಿಪ್ಪು ಬಾಳೆಹಣ್ಣು. ಅವ್ವ ಸತ್ತ ಮೇಲೆ ಒಂದು ಗೌರಿ ಹಬ್ಬಕ್ಕೂ ಬಾಗಿನ ಕೊಡದೋನು, ಹಬ್ಬವೂ ಅಲ್ಲದ ಮಂಗಳವಾರ ತವರು ಸೀರೆ ಹೊತ್ಕೊಂಡು ಬಂದರೆ ಯಾವ ತಂಗಿಗೆ ಅರ್ಥ ಆಗಲ್ಲ ಹೇಳಿ?

'ಎಲ್ಲಿ ಸಹಿ ಹಾಕ್ಬೇಕು? ಅದ್ನ ಯೋಳು ಮೊದ್ಲು' ಅಂದೆ.

ಅವನ ಮುಖ ಸಪ್ಪಗಾಯಿತು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು.

ವಿಷಯ ಇಷ್ಟು. ಕಾಡಂಚಿನ ನಮ್ಮೂರಲ್ಲಿ ಅಪ್ಪ ಬಿಟ್ಟುಹೋದ ಮೂರೆಕರೆ ಹೊಲ ಇದೆ. ಮಳೆ ಬಂದರೆ ಬೆಳೆ, ಬೆಳೆ ಬಂದರೆ ಆನೆ. ಒಂದು ಕಡೆ ಕಾಡಿಂದ ಇನ್ನೊಂದು ಕಡೆ ಕಾಡಿಗೆ ಆನೆಗಳು ದಾಟೋ ಹಾದಿ ನಮ್ಮ ಹೊಲದ ಮೇಲೇ ಹಾದು ಹೋಗುತ್ತೆ. ಅಂಥ ಹೊಲಗಳನ್ನ ಒಪ್ಪಿದವರಿಂದ ಕೊಂಡುಕೊಂಡು, ಬೇಲಿ ಕಿತ್ತು, ಹುಲ್ಲು ಬೆಳೆಯೋಕೆ ಬಿಡೋ ಒಂದು ಟ್ರಸ್ಟು ನಮ್ಮ ಕಡೆ ಬಂದಿತ್ತು. ಊರಲ್ಲಿ ಅವರಿಗೆ ಆನೆ ಟ್ರಸ್ಟ್‌ನೋರು ಅಂತ ಹೆಸರು. ಮೊದಮೊದಲು 'ಇವ್ರು ರೆಸಾರ್ಟ್ ಕಟ್ಟಕ ಬಂದವ್ರೆ' ಅಂತ ಬೈದವರಲ್ಲಿ ನಮ್ಮಣ್ಣನೇ ಮುಂದು. ಈಗ ಅವನೇ ಮಾರೋಕೆ ತುದಿಗಾಲಲ್ಲಿ ನಿಂತಿದ್ದ. ಹರದನಹಳ್ಳಿಗೆ ಕೊಟ್ಟಿರೋ ನಮ್ಮಕ್ಕ ಒಂದು ಸೀರೆಗೇ ಒಪ್ಪಿಬಿಟ್ಟಿದ್ದಳು. ಉಳಿದವಳು ನಾನು.

'ಹಾಕ್ಬುಡು ಕಣವ್ವ, ಎಲ್ಲಾರ್ಗೂ ಒಳ್ಳೇದು' ಅಂದ.

'ನಿನ್ ಸೀರೆ ನೀನೇ ಉಟ್ಕೊ' ಅಂದು ಬಾಗಿಲು ಹಾಕಿಕೊಂಡೆ.

ನಾನು ಜಗಳಗಂಟಿ ಅಂತ ಊರೆಲ್ಲ ಹೇಳುತ್ತೆ. ಇರಬಹುದು. ಆದರೆ ಆ ಮೂರೆಕರೆ ವಿಷಯದಲ್ಲಿ ನನಗೆ ಜಗಳ ಆಡೋ ಹಕ್ಕಿತ್ತು. ನಾನು ಏಳನೇ ಕ್ಲಾಸಲ್ಲಿದ್ದಾಗ ಅಪ್ಪನಿಗೆ ಇರುಳುಗಣ್ಣು ಶುರುವಾಯಿತು. ಸಂಜೆ ಆದರೆ ಎದುರಿಗೆ ನಿಂತವರು ಯಾರು ಅಂತ ಕಾಣಿಸುತ್ತಿರಲಿಲ್ಲ. ಆದರೆ ಹೊಲ ಕಾಯಬೇಕಲ್ಲ. ಮರದ ಮೇಲೆ ಕಟ್ಟಿದ್ದ ಅಟ್ಟಣೆಯಲ್ಲಿ ಅಪ್ಪನ ಪಕ್ಕ ಯಾರಾದರೂ ಕಣ್ಣಿರೋರು ಕೂರಬೇಕು. ಅಣ್ಣ ಎಸ್ಸೆಸ್ಸೆಲ್ಸಿ. 'ಓದೋ ಹುಡ್ಗ, ಅವ್ನ ನಿದ್ದೆ ಕೆಡಬಾರ್ದು' ಅಂದಳು ಅವ್ವ. ನಾನೇನು ಓದದ ಹುಡುಗಿಯಾ? ಕ್ಲಾಸಿಗೆ ಎರಡನೇ ನಂಬರು ನಾನು. ಕೇಳೋರು ಯಾರು? ಹಂದಿ ಬಂತು, ಆನೆ ಬಂತು ಅಂತ ಅಪ್ಪನಿಗೆ ಹೇಳೋದು, ತಗಡಿನ ಡಬ್ಬ ಬಡಿಯೋದು ನನ್ನ ಕೆಲಸ ಆಯಿತು. ಬೆಳಗ್ಗೆ ಸ್ಕೂಲಲ್ಲಿ ಕೂತ ಜಾಗದಲ್ಲೇ ತೂಕಡಿಸೋಳು. ಮೇಷ್ಟ್ರು ಸೀಮೆಸುಣ್ಣದಲ್ಲಿ ಹೊಡೆದು 'ಏ ಗೂಬೆ' ಅಂತ ಕರೆದರು. ಕ್ಲಾಸೆಲ್ಲ ಗೂಬೆ ಅಂತು. ದೀಪಾವಳಿ ಕಳೆಯೋ ಹೊತ್ತಿಗೆ ನಾನು ಸ್ಕೂಲಿಗೆ ಹೋಗೋದನ್ನೇ ಬಿಟ್ಟೆ. ಆಮೇಲೆ ನಾಲ್ಕು ವರ್ಷ, ಮದುವೆ ಆಗೋ ತನಕ, ಆ ಹೊಲ ಕಾದವಳು ನಾನು.

ಎರಡು ಮಕ್ಕಳಾದ ಮೇಲೆ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದೆ. ಹಾಗಾಗಿ ಇವತ್ತು ಅಂಗನವಾಡಿ ಟೀಚರ್. ಅದು ತವರಿಂದ ಬಂದಿದ್ದಲ್ಲ, ನನ್ನ ಹಠದಿಂದ ಬಂದಿದ್ದು.

ಆ ಟ್ರಸ್ಟ್‌ನವರದು ಒಂದು ಕ್ರಮ ಇತ್ತು. ಹೊಲದಲ್ಲಿ ಪಾಲಿರೋ ಹೆಣ್ಣುಮಕ್ಕಳನ್ನ ಒಬ್ಬೊಬ್ಬರನ್ನೇ, ಗಂಡಸರು ಹತ್ತಿರ ಇಲ್ಲದಾಗ ಕೇಳೋದು. ಅವರು ಮನಸಾರೆ ಹೂಂ ಅನ್ನದೆ ಕೊಳ್ಳೋದಿಲ್ಲ. ಟ್ರಸ್ಟಿನ ಮೇಡಂ ಒಬ್ಬರು ಅಂಗನವಾಡಿಗೆ ಬಂದರು. ಬಿಸಿಲಿಗೆ ಕಪ್ಪಾಗಿದ್ದ ಮುಖ, ಕಾಲಲ್ಲಿ ಧೂಳು ಹಿಡಿದ ಬೂಟು. ಜೊತೆಗೆ ಬಂದಿದ್ದ ಅಣ್ಣನನ್ನ 'ನೀವು ಟೀ ಕುಡ್ಕೊಂಡು ಬನ್ನಿ' ಅಂತ ಆಚೆ ಕಳಿಸಿದರು. ಅದು ನೋಡೋಕೆ ಚೆನ್ನಾಗಿತ್ತು.

'ಟೀಚರ್, ನಿಮಗೆ ಇಷ್ಟ ಇದ್ದರೆ ಮಾತ್ರ. ಇಲ್ಲ ಅಂದರೂ ನಮಗೆ ಬೇಜಾರಿಲ್ಲ' ಅಂದರು.

ಅಲ್ಲಿ ತನಕ ಯಾರೂ ನನ್ನನ್ನ ಹಾಗೆ ಕೇಳಿರಲಿಲ್ಲ. ಸ್ಕೂಲು ಬಿಡಿಸುವಾಗ ಕೇಳಲಿಲ್ಲ, ಮದುವೆಗೆ ಕೇಳಲಿಲ್ಲ. ಅದಕ್ಕೇ ಇರಬೇಕು, ಕೋಪ ಆ ಮೇಡಂ ಮೇಲೇ ಬಂತು.

'ಆನೆಗೆ ದಾರಿ ಬೇಕು ಅಂತ ಇಷ್ಟು ದೂರ ಬಂದಿದ್ದೀರಲ್ಲ ಮೇಡಂ, ನಂಗೆ ಸ್ಕೂಲಿಗೆ ದಾರಿ ಬೇಕಾಗಿದ್ದಾಗ ಎಲ್ಲಿದ್ರಿ?' ಅಂದೆ. 'ನಂಗೆ ಇಷ್ಟ ಇಲ್ಲ. ಬರ್ಕೊಳ್ಳಿ.'

ಅವರು ಹಾಗೇ ಬರ್ಕೊಂಡರು. ಒಂದಿಷ್ಟು ಜಗಳವಾದರೂ ಆಡಬಾರದಾ? ಅದೂ ಇಲ್ಲ. ನಮಸ್ಕಾರ ಹೇಳಿ ಹೋದರು.

ಆಮೇಲೆ ಶುರುವಾಯಿತು ನೋಡಿ. ಅಕ್ಕ ಹರದನಹಳ್ಳಿಯಿಂದ ದಿನಾ ಫೋನು. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಕಣಮ್ಮಿ, ನಮಗ್ಯಾಕ ಬೇಕು?' ಅಂತ. 'ನೀನು ಹೊರಗಿರು, ನಾನು ಬಾಗಿಲಲ್ಲೇ ನಿಂತಿರ್ತೀನಿ' ಅಂದು ಕಟ್ ಮಾಡುತ್ತಿದ್ದೆ. ಅಣ್ಣ ಊರ ಅರಳಿಕಟ್ಟೇಲಿ ಕೂತು, ತಂಗಿ ಭಾಗಕ್ಕೆ ಬಾಯಿ ಬಿಡ್ತಾವ್ಳೆ ಅಂತ ಸಾರಿದನಂತೆ. ನಾನು ಒಂದು ಕಾಸು ಕೇಳಿದವಳಲ್ಲ. ನನಗೆ ಬೇಕಾಗಿದ್ದು ಒಂದೇ ಮಾತು. 'ನೀನು ಓದು ಬುಟ್ಟು ಕಾದೆ, ಅದ್ರಿಂದ ನಾನು ಓದ್ದೆ' ಅಂತ ಅವನು ಬಾಯಿ ಬಿಟ್ಟು ಹೇಳಬೇಕಿತ್ತು. ಅದು ಅವನ ಬಾಯಲ್ಲಿ ಬರಲ್ಲ ಅಂತ ಗೊತ್ತಿತ್ತು. ಬರೋ ತನಕ ಸಹಿ ಇಲ್ಲ ಅಂತ ನಾನೂ ಗಟ್ಟಿಯಾಗಿ ಕೂತೆ. ಒಂದು ಬೇಸಿಗೆ ಹೋಯಿತು, ಒಂದು ಮಳೆಗಾಲ ಹೋಯಿತು. ನನಗೇನೂ ಅವಸರ ಇರಲಿಲ್ಲ.

ಅವರೆ ಕಾಯಿ ಬಲಿಯೋ ಕಾಲದಲ್ಲಿ ಒಂದು ದಿನ ಹನ್ನೊಂದು ಗಂಟೆಗೆ ಅಂಗನವಾಡಿ ಬಾಗಿಲಿಗೆ ಅತ್ತಿಗೆ ಬಂದು ನಿಂತಳು. ಅಣ್ಣನ ಹೆಂಡತಿ. ಅವಳಿಗೂ ನನಗೂ ಮಾತಿಲ್ಲ. ಅವ್ವನ ತಿಥಿ ದಿನ ನಾನು ಎಲೆ ಮುಂದೆ ಕೂತಿದ್ದಾಗ 'ಇವ್ಳು ಉಣ್ಣಕ ಬಂದಿಲ್ಲ, ಮನೆ ಒಡೆಯಕ ಬಂದವ್ಳೆ' ಅಂದಿದ್ದಳು. ನಾನು ಎಲೆ ಮಡಚಿ ಎದ್ದು ಬಂದವಳು ಆಮೇಲೆ ಆ ಮನೆಯಲ್ಲಿ ನೀರು ಮುಟ್ಟಿಲ್ಲ.

'ಏನು, ಕಳ್ಸಿದ್ನಾ ನಿನ್ ಗಂಡ?' ಅಂದೆ.

'ಅವ್ನು ಯಾಕ ಕಳ್ಸಿಯಾನು? ಅವ್ನ್ಗ ಗೊತ್ತಿಲ್ದಂಗ ಬಂದಿವ್ನಿ.' ಚಪ್ಪಲಿ ಬಿಟ್ಟು ಒಳಕ್ಕೆ ಬಂದು ಗೋಡೆಗೆ ಒರಗಿ ಕೂತಳು. 'ನಾಕು ವರ್ಸ ಕಾದ್ನಿ, ನಾಕು ವರ್ಸ ಕಾದ್ನಿ ಅಂತ ಲೋಕಕೆಲ್ಲ ಯೋಳ್ಕ ಬತ್ತಿದ್ದೀಯಲ್ಲ. ನೀನು ಮದ್ವ ಆಗಿ ಓಗಿ, ನಾನು ಸೊಸ ಆಗಿ ಬಂದ ಮಾರನೆ ದಿನದಿಂದ ಆ ಅಟ್ಟಣ ಮೇಲ ಯಾರು ಕುಂತಿದ್ರು ಅನ್ಕಂಡಿದ್ದೀಯ? ನಿಮ್ಮಣ್ಣನಾ?'

'ಅಣ್ಣ ಅಲ್ದೆ ಇನ್ಯಾರು?'

'ನಿಮ್ಮಣ್ಣನ್ಗ ಬೆಳಗ್ಗೆ ಡ್ಯೂಟಿ ಅದ. ಗೊಬ್ಬರದಂಗ್ಡಿ ಬಾಗ್ಲು ತೆಗೀಬೇಕು. ಅವ್ನು ನಿದ್ದೆ ಕೆಟ್ರ ಆದದಾ?'

ಅವ್ವನ ಮಾತು, ಅದೇ ದನಿ. ಆ ಮಾತು ನನಗೆ ಚುಚ್ಚಿತು. ಆದರೂ ನನ್ನ ನಾಲಿಗೆ ಸುಮ್ಮನಿರಬೇಕಲ್ಲ. 'ನಿನ್ನ ಓಗು ಅಂದೋರು ಯಾರು?' ಅಂದುಬಿಟ್ಟೆ.

'ಬ್ಯಾಡ ಅಂದೋರು ಯಾರು, ಅದ್ನ ಯೋಳು. ಇಪ್ಪತ್ತೊಂದು ವರ್ಸ ಕಣಮ್ಮಿ. ಬಸುರೀಲಿ ಕುಂತಿವ್ನಿ, ಬಾಣಂತಿತನ ಮುಗ್ಸಿ ಕೂಸ ಎತ್ಕಂಡು ಕುಂತಿವ್ನಿ. ಆ ಮೇಡಮ್ಮು ನಿನ್ ತಾವ್ಕ ಬಂದ್ಲು, ನಿಮ್ಮಕ್ಕನ ತಾವ್ಕೂ ಹೋದ್ಲು. ನಾನು ಅವ್ಳ ಮುಂದೇ ನಿಂತಿದ್ನಿ, ನನ್ನ ಕೈಲಿ ನೀರು ಇಸ್ಕಂಡು ಕುಡುದ್ಲು. ನಿಂಗ ಮಾರಕ ಇಷ್ಟನಾ ಅಂತ ನನ್ನ ಒಂದು ಮಾತು ಕೇಳ್ನಿಲ್ಲ. ನೀವು ನಾಕು ವರ್ಸ ಕಾದೋರು ವಾರಸ್ದಾರ್ರು. ನಾನು ಯಾರು?'

ಅಷ್ಟರಲ್ಲಿ ಊಟದ ಹೊತ್ತಾಯಿತು. ಮಕ್ಕಳು ತಟ್ಟೆ ಹಿಡ್ಕೊಂಡು ಗಲಾಟೆ. ಸಹಾಯಕಿ ಒಬ್ಬಳ ಕೈಲಿ ಆಗಲ್ಲ. 'ಇರು, ಇನ್ನೂ ಮುಗ್ದಿಲ್ಲ' ಅಂತ ಅತ್ತಿಗೆಗೆ ಬೆರಳು ತೋರಿಸಿ ಎದ್ದೆ. ಬಡಿಸಿ, ಕೈ ತೊಳೆಸಿ, ಬಾಯಿ ಒರೆಸಿ, ಚಾಪೆ ಹಾಸೋಕೆ ಬಂದರೆ ಅತ್ತಿಗೆ ಕೂತಲ್ಲೇ ನಿದ್ದೆ ಹೋಗಿದ್ದಾಳೆ. ಬಾಯಿ ಅರ್ಧ ತೆರೆದಿದೆ. ತಲೆ ಪೌಷ್ಟಿಕ ಆಹಾರದ ಮೂಟೆ ಮೇಲೆ ವಾಲಿದೆ. ಕೈಯಲ್ಲಿ ಬಸ್ ಟಿಕೆಟ್ಟು ಹಾಗೇ ಇದೆ.

ಸಹಾಯಕಿ ಎಬ್ಬಿಸೋಕೆ ಹೋದಳು. ಬೇಡ ಅಂದೆ. ಮಕ್ಕಳು ಅವಳ ಸುತ್ತ ಮಲಗಿದವು. ಒಂದು ಕೂಸು ಅವಳ ಸೆರಗು ಹಿಡ್ಕೊಂಡು ಮಲಗಿತು. ಅದು ಎದ್ದು, ಅತ್ತು, ಮನೆಗೆ ಹೋದರೂ ಅತ್ತಿಗೆಗೆ ಎಚ್ಚರ ಆಗಲಿಲ್ಲ. ನಾನು ರಿಜಿಸ್ಟರ್ ತೆಗೆದು ಬರೆಯೋಕೆ ಕೂತೆ. ಒಂದಕ್ಷರ ಬರೆಯೋಕಾಗಲಿಲ್ಲ. ಆ ನಿದ್ದೆ ನನಗೆ ಗೊತ್ತಿರೋ ನಿದ್ದೆ. ಅದನ್ನ ನೋಡ್ತಾ ನೋಡ್ತಾ ನಾಚಿಕೆ ಆಯಿತು, ನಾಚಿಕೆ ಆಯಿತಲ್ಲಾ ಅಂತ ಅವಳ ಮೇಲೇ ಸಿಟ್ಟೂ ಬಂತು.

ನಾಲ್ಕು ಗಂಟೆಗೆ ಅವಳು ಗಡಬಡಿಸಿ ಎದ್ದಳು. 'ಎಬ್ಬುಸ್ಬಾರ್ದಾಗಿತ್ತಾ? ಹಗೆ ತೀರ್ಸ್ಕಂಡ್ಯಾ? ಕತ್ಲಾಗದ್ರೊಳಗ ಹೊಲ ಸೇರ್ಬೇಕು ನಾನು!' ಅಂತ ಬೈದುಕೊಂಡೇ ಚಪ್ಪಲಿ ಮೆಟ್ಟಿ ಓಡಿದಳು. ಬತ್ತೀನಿ ಅಂತಲೂ ಅನ್ನಲಿಲ್ಲ.

ಮಾರನೆ ದಿನ ಮೇಡಂಗೆ ಫೋನ್ ಮಾಡಿದೆ. 'ಸಹಿ ಹಾಕ್ತೀನಿ' ಅಂದೆ. ಅಣ್ಣನಿಗೆ ನಾನು ಹೇಳಲಿಲ್ಲ. ಅವನಿಗೆ ಅವರೇ ಹೇಳಿಕೊಂಡರು.

ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಅಣ್ಣ ಇಸ್ತ್ರಿ ಶರ್ಟು ಹಾಕ್ಕೊಂಡು, ಗೆದ್ದ ಕೋಳಿ ಹಾಗೆ ಓಡಾಡುತ್ತಿದ್ದ. ಅಕ್ಕ ಆ ಸೀರೆ ಉಟ್ಟು ಬಂದಿದ್ದಳು. ಅತ್ತಿಗೆ ಆಚೆ ಕಲ್ಲು ಬೆಂಚಿನ ಮೇಲೆ ಎಲ್ಲರ ಚೀಲ ಕಾಯ್ಕೊಂಡು ಕೂತಿದ್ದಳು. ಮೇಡಂ ತಮ್ಮ ಕ್ರಮದಂತೆ ನನ್ನನ್ನ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದರು.

'ಯಾರಾದರೂ ಬಲವಂತ ಮಾಡಿದ್ರಾ ಟೀಚರ್?'

'ನನ್ನನ್ನ ಎಷ್ಟು ಸಲ ಕೇಳ್ತೀರ? ಅಗೋ ಅಲ್ಲಿ ಕೂತವ್ಳೆ, ಅವಳನ್ನ ಒಂದು ಸಲ ಕೇಳಿದ್ರಾ?'

'ಅವರು ವಾರಸುದಾರರ ಪಟ್ಟಿಯಲ್ಲಿ ಬರಲ್ಲ ಟೀಚರ್...'

'ನಿಮ್ಮ ಪಟ್ಟಿಗೆ ಬೆಂಕಿ ಬೀಳ್ಲಿ. ಆ ಹೊಲ ಕಾದೋಳು ಅವಳು. ಹೋಗಿ ಕೇಳಿ.'

ಮೇಡಂ ಮುಖ ಕೆಂಪಾಯಿತು. ಆದರೂ ಹೋದರು, ಅದನ್ನ ಮೆಚ್ಚಬೇಕು. ಬೆಂಚಿನ ಪಕ್ಕ ಕೂತು 'ಅಮ್ಮಾ, ಹೊಲ ಮಾರೋಕೆ ನಿಮಗೆ ಒಪ್ಪಿಗೇನಾ?' ಅಂತ ಕೇಳಿದರು.

ಅತ್ತಿಗೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. 'ಇವತ್ತಿಂದ್ಲೇ ನಾನು ಅಟ್ಟಣಗ ಓಗದು ಬ್ಯಾಡ್ವಾ?' ಅಂದಳು.

ಮೇಡಂ ಬಾಯಿ ತೆರೆಯೋಕೆ ಮುಂಚೆ ಅಣ್ಣ ನುಗ್ಗಿದ. 'ಏ, ಅವರೆಕಾಯಿ ಇನ್ನೂ ಹೊಲದಲ್ಲೇ ಅದ. ಅದು ಕುಯ್ಯೋ ಗಂಟ ಹೊಲ ನಮ್ದೇ ಅಂತ ಮಾತಾಗಿ ಅದ. ಅಲ್ಲಿ ಗಂಟ ಓಗ್ಬೇಕು ಕಣ.'

ಅತ್ತಿಗೆ ತಲೆ ಬಗ್ಗಿಸಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

'ಅಣ್ಣಾ' ಅಂದೆ. ಪತ್ರ ಬರೆಯೋರು, ಟೀ ಕುಡಿಯೋರು ಎಲ್ಲ ತಿರುಗಿ ನೋಡೋ ಹಾಗೆ ಅಂದೆ. 'ಅವರೆ ಕುಯ್ಯೋ ಗಂಟ ನೀನು ಕಾಯಿ. ಇವತ್ತಿಂದ್ಲೇ. ಹೂಂ ಅಂದ್ರೆ ಸಹಿ. ಇಲ್ಲಾಂದ್ರೆ ನಾನು ಮನೆಗೆ ಹೊರಟೆ.'

'ನಂಗ ಬೆಳಗ್ಗೆ ಡ್ಯೂಟಿ...'

'ಹೊರಟೆ.'

'ಆಯ್ತು ಬುಡು' ಅಂದ. ಅಕ್ಕ ಮುಖ ಆ ಕಡೆ ಮಾಡಿಕೊಂಡಳು.

ಅತ್ತಿಗೆ ಎದ್ದು ನನ್ನ ಹತ್ತಿರ ಬಂದಳು. ಒಂದು ಒಳ್ಳೆ ಮಾತಾಡ್ತಾಳೆ ಅಂದ್ಕೊಂಡೆ. 'ಹತ್ ಜನದ ಮುಂದ ನನ್ ಗಂಡನ ಮಾನ ಕಳೀತೀಯಾ? ನಿನ್ ಬಾಯಿಗ ಹುಳ ಬೀಳ' ಅಂದಳು. ನಾನು ಒಳಕ್ಕೆ ಹೋಗಿ, ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ಹೆಬ್ಬೆಟ್ಟು ಒತ್ತಿ, ಫೋಟೋ ಹೊಡೆಸಿಕೊಂಡು ಬಂದೆ. ಅಣ್ಣನ ಬಾಯಲ್ಲಿ ನನಗೆ ಬೇಕಾಗಿದ್ದ ಮಾತು ಬರಲಿಲ್ಲ. ಇನ್ನು ಬರೋದೂ ಇಲ್ಲ.

ಬಸ್ ಸ್ಟ್ಯಾಂಡಿನಲ್ಲಿ ನಾವು ನಾಲ್ಕು ಜನ ಒಂದೊಂದು ಕಂಬ ಹಿಡಿದು ನಿಂತಿದ್ದೆವು. ಊರಿನ ಬಸ್ಸು ಬಂತು. ಅಣ್ಣ ಹತ್ತೋಕೆ ಮುಂಚೆ ಹೆಂಡತಿ ಹತ್ತಿರ ಬಂದು, ನನಗೆ ಕೇಳಿಸಬಾರದು ಅಂತ ತಗ್ಗಿದ ದನಿಯಲ್ಲಿ 'ಬ್ಯಾಟ್ರಿ ಎಲ್ಲಿ ಮಡುಗಿದ್ದೀಯ?' ಅಂದ.

ಅತ್ತಿಗೆ ಅವನ ಮುಖವನ್ನೇ ನೋಡಿದಳು. 'ಅಟ್ಟಣ ಯಾವ ಮರದಲ್ಲದ, ಅದಾದ್ರೂ ಗೊತ್ತಾ?' ಅಂತ ಕೇಳಿದಳು.

ಅಣ್ಣ ಬಸ್ಸಿನ ಬೋರ್ಡು ಓದೋಕೆ ಶುರುಮಾಡಿದ. ಅವನಿಗೆ ಗೊತ್ತಿರಲಿಲ್ಲ.