ಬೆಳ್ಳಾರೆ ಬಸ್ಸಿನಲ್ಲಿ ಮೂಗು ಹಿಡಿದದ್ದು

ನನಗೆ ಸಿಟ್ಟು ಜಾಸ್ತಿ, ವೇದಿಕೆ ಹತ್ತಿದರೆ ಮೈಕೇ ಬೇಡವಾಗುವಷ್ಟು. ರಕ್ತದೊತ್ತಡ ಏರಿದೆ ಎಂದು ಊರಿನ ಪಂಡಿತರು ಪ್ರಾಣಾಯಾಮ ಹೇಳಿಕೊಟ್ಟರು. ಒಂದು ಹೊಳ್ಳೆಯಲ್ಲಿ ಉಸಿರೆಳೆದು, ಮೂಗು ಮುಚ್ಚಿ ಹದಿನಾರು ಎಣಿಸಿ, ಇನ್ನೊಂದರಲ್ಲಿ ಬಿಡಬೇಕು. ಎಣಿಕೆಯ ನಡುವೆ ಮಾತಾಡಿದರೆ ಫಲ ಇಲ್ಲವಂತೆ.

ಬೆಳ್ಳಾರೆಯಲ್ಲಿ ಜಾತಿಯ ವಿರುದ್ಧ ಭಾಷಣ ಮಾಡಿ ಗಂಟಲು ಹರಿದುಕೊಂಡ ಮರುದಿನ ಪುತ್ತೂರಿನ ಬಸ್ಸು ಹತ್ತಿದೆ. ಕಣ್ಣು ಮುಚ್ಚಿ, ಮೂಗು ಹಿಡಿದು ಎಣಿಸುತ್ತಿದ್ದಾಗ ಪಕ್ಕದಲ್ಲಿ ಯಾರೋ ಬಂದು ಕೂತರು. ಕಣ್ಣು ಬಿಟ್ಟರೆ ಒಣಮೀನಿನ ಬುಟ್ಟಿ. ಅದನ್ನು ಹಿಡಿದ ಹೆಂಗಸು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾಳೆ.

"ನಿನ್ನೆ ಮನುಷ್ಯರೆಲ್ಲ ಒಂದೇ ಅಂತ ಕೂಗಿದ್ದು ನೀವೇ ಅಲ್ವಾ ಮಾರಾಯ್ರೆ? ನಾನು ಚಪ್ಪಾಳೆ ಬೇರೆ ಹೊಡೆದಿದ್ದೆ. ಈಗ ಮೂಗು ಮುಚ್ಚುದು ಎಂತಕ್ಕೆ?"

ಇಡೀ ಬಸ್ಸು ತಿರುಗಿ ನೋಡಿತು. ಮೂರ್ಖನಾದ ನಾನು ಹದಿನಾರು ಎಣಿಸಿ ಮುಗಿಸಿದೆ. ಆಮೇಲೆ, "ಇದು ಪ್ರಾಣಾಯಾಮ ಅಕ್ಕಾ!" ಎಂದು ಅರಚಿದೆ.

"ಹೌದಾ? ಹಾಗಾದ್ರೆ ಇದನ್ನು ಹಿಡ್ಕೊಂಡು ಮಾಡಿ" ಎಂದು ಬುಟ್ಟಿಯನ್ನು ನನ್ನ ತೊಡೆಯ ಮೇಲಿಟ್ಟಳು.

ಪುತ್ತೂರು ತನಕ ಎರಡೂ ಹೊಳ್ಳೆ ತೆರೆದು ಉಸಿರಾಡಿದೆ. ಸಿಟ್ಟು ಪೂರ್ತಿ ಇಳಿದಿತ್ತು. ಈ ಮದ್ದನ್ನು ಪಂಡಿತರಿಗೆ ತಿಳಿಸಬೇಕೆಂದುಕೊಂಡೆ. ಆದರೆ ಅವರು ಮೀನಿನ ಹೆಸರು ಕೇಳಿದರೇ ಮೂಗು ಮುಚ್ಚುವವರು.