ತಂಬಿಗೆಯೊಳಗಿನ ಮದುವಣಗಿತ್ತಿ

ದೆವ್ವ, ಶಕುನ, ಪವಾಡ ಎಂದರೆ ನಗುತ್ತಿದ್ದವನು ನಾನು. ಬ್ಯಾಡಗಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಈಗ ಹೇಳಲಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಅವರ ಮುಖದೆದುರೇ ನಕ್ಕುಬಿಡುತ್ತಿದ್ದೆ. ಹಾಗಾಗಿ ನೀವು ನಕ್ಕರೂ ನನ್ನ ತಕರಾರಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಮುಂಗಾರು ತಡವಾಗಿತ್ತು. ಮೇಡ್ಲೇರಿಯಲ್ಲಿ ನಮ್ಮಕ್ಕನ ಓಣಿಯವರು ಮಳೆಗಾಗಿ ಕಪ್ಪೆ ಮದುವೆ ಇಟ್ಟುಕೊಂಡಿದ್ದರು. ಅಕ್ಕ ರಾಣೆಬೆನ್ನೂರಿನ ನಮ್ಮ ಮನೆಗೆ ಫೋನ್ ಮಾಡಿದಳು.

"ತಮ್ಮಾ, ಹೋದ ಸಲ ಎರಡೂ ಗಂಡು ಹಿಡಕೊಂಡು ಬಂದಿದ್ರು. ಅಕ್ಕಿಕಾಳು ಹಾಕೂ ಹೊತ್ನ್ಯಾಗ ಎರಡೂ ಕೂಡಿ ವಟಗುಟ್ಟಾಕ ಹತ್ತಿದ್ವು. ಈ ಸಲ ಹೆಣ್ಣು ನೀನ ನೋಡಿ ಹಿಡದು ಕೊಡಬೇಕು."

ನಗು ಬಂದರೂ ಒಪ್ಪಿದೆ. ಭಾವ ತೀರಿಕೊಂಡ ಮೇಲೆ ಅಕ್ಕನನ್ನು ಯಾರೂ ಅರಿಷಿಣ ಹಚ್ಚಲು ಕರೆದಿರಲಿಲ್ಲ. ಕಪ್ಪೆ ಮದುವೆಯಲ್ಲಾದರೂ ಹೆಣ್ಣಿನ ತಾಯಿಯಾಗಿ ಕೂರುತ್ತೇನೆಂದು ಹಟ ಹಿಡಿದು ಗೆದ್ದಿದ್ದಳು. ಬೇಡವೆಂದವರೂ ಇದ್ದರು. ಏನಾದರೂ ಎಡವಟ್ಟಾದರೆ ಎಲ್ಲರೂ ಅವಳತ್ತಲೇ ಬೆರಳು ತೋರಿಸುತ್ತಾರೆಂದು ನನಗೆ ಗೊತ್ತಿತ್ತು.

ಮದುವೆಯ ದಿನ ಮಧ್ಯಾಹ್ನ, ಅಕ್ಕ ಯಾರದೋ ಕೈಲಿ ಕಳಿಸಿದ್ದ ತಾಮ್ರದ ತಂಬಿಗೆ ತೆಗೆದುಕೊಂಡು ಹೋಗಿ ಕಾಲುವೆ ಪಕ್ಕದ ಕೆಸರಿನಲ್ಲಿ ಒಂದು ಹೆಣ್ಣು ಹಿಡಿದೆ. ಗಂಡಿಗಾದರೆ ಗಂಟಲ ಎರಡೂ ಬದಿ ಕಪ್ಪು ಮಡಿಕೆ ಇರುತ್ತದೆ, ವಟಗುಟ್ಟುವುದು ಗಂಡೇ, ಆಗ ಉಬ್ಬುವುದು ಅದೇ. ಇದಕ್ಕೆ ಇರಲಿಲ್ಲ. ಎಡ ಹಿಂಗಾಲಿನ ಒಂದು ಬೆರಳು ಅರ್ಧಕ್ಕೆ ತುಂಡಾಗಿತ್ತು. ಸ್ಕೂಟರ್ ಓಡಿಸುತ್ತ ತಂಬಿಗೆ ಹಿಡಿಯಲಾಗದೆ ಕಪ್ಪೆಯನ್ನು ಒದ್ದೆ ಕರವಸ್ತ್ರದಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟೆ.

ದಾರಿಯ ಚಹಾದಂಗಡಿಯಲ್ಲಿ ಪರಿಚಯದವರು ಸಿಕ್ಕರು. ಗಾಳಿಯಲ್ಲಿ ತೇವ ಹೆಚ್ಚಿದಾಗ ಕಪ್ಪೆ ಕೂಗುತ್ತದೆಯೇ ಹೊರತು ಅದು ಕೂಗಿದ್ದಕ್ಕೆ ಮಳೆ ಬರುವುದಿಲ್ಲ, ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಆ ಚರ್ಮ ಒಣಗಿದರೆ ಸಾಯುತ್ತದೆ ಎಂದೆಲ್ಲ ಮಿರ್ಚಿ ತಿನ್ನುತ್ತ ಭಾಷಣ ಬಿಗಿದೆ. ಸ್ಕೂಟರ್ ಬಿಸಿಲಲ್ಲಿ ನಿಂತಿತ್ತು.

ಮೇಡ್ಲೇರಿ ತಲುಪಿ ಡಿಕ್ಕಿ ತೆರೆದಾಗ ಕಪ್ಪೆ ಸೆಟೆದುಕೊಂಡಿತ್ತು. ನೀರು ಸುರಿದೆ. ಕಣ್ಣು ಮುಟ್ಟಿದೆ, ರೆಪ್ಪೆ ಅಲುಗಲಿಲ್ಲ. ಎದೆಯಲ್ಲಿ ಮಿಡಿತವಿಲ್ಲ. ಸತ್ತ ಕಪ್ಪೆ ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಗ ಮೊದಲು ನೆನಪಾದದ್ದು ಅಕ್ಕನಲ್ಲ, ನನ್ನ ಮರ್ಯಾದೆ. ಕಪ್ಪೆಯನ್ನು ಅಲ್ಲೇ ಬಿಟ್ಟು ಡಿಕ್ಕಿಗೆ ಬೀಗ ಹಾಕಿದೆ. ಖಾಲಿ ತಂಬಿಗೆಗೆ ಅರ್ಧ ನೀರು ತುಂಬಿ ಬಾಯಿಗೆ ಬಟ್ಟೆ ಕಟ್ಟಿದೆ. ದಾರಿಯಲ್ಲಿ ತಪ್ಪಿಸಿಕೊಂಡಿರಬೇಕು ಎಂದು ಸುಳ್ಳು ಹೇಳುವುದೆಂದು ತೀರ್ಮಾನಿಸಿದೆ.

ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ತಂಬಿಗೆಯನ್ನು ನಾನೇ ಅಕ್ಕನ ಕೈಗೆ ಕೊಟ್ಟೆ. ಅವಳು ಅಲ್ಲಿಯೇ, ಎಲ್ಲರೆದುರು ಬಟ್ಟೆ ಬಿಚ್ಚಿ ಒಳಗೆ ಕೈ ಹಾಕಿದಳು. ನಾನು ತಲೆ ತಗ್ಗಿಸಿದೆ.

"ಅಯ್ಯ, ಎಷ್ಟ್ ಚೆಂದ ಅದಾಳಬೇ ನನ್ನ ಮಗಳು!"

ಅವಳ ಅಂಗೈಯಲ್ಲಿ ಕಪ್ಪೆ ಕೂತಿತ್ತು. ಗಂಟಲು ಪಟಪಟ ಅಲುಗುತ್ತಿತ್ತು. ಎಡ ಹಿಂಗಾಲಿನ ಬೆರಳು ಅರ್ಧವೇ ಇತ್ತು. ಅರಿಷಿಣ ಹಚ್ಚಿದರು, ಅಕ್ಕಿಕಾಳು ಹಾಕಿದರು, ಹೊಳೆಗೆ ಒಯ್ದು ಬಿಟ್ಟರು. ಗಂಡು ಹೆಣ್ಣು ಎರಡೂ ಈಜುತ್ತ ಹೋದದ್ದನ್ನು ಕಣ್ಣಾರೆ ಕಂಡೆ.

ಮನೆಗೆ ಬಂದು ಡಿಕ್ಕಿ ತೆರೆದೆ. ಕರವಸ್ತ್ರದಲ್ಲಿ ಸತ್ತ ಕಪ್ಪೆ ಹಾಗೆಯೇ ಇತ್ತು, ಅದೇ ತುಂಡು ಬೆರಳಿನದು. ಹಿತ್ತಲಲ್ಲಿ ಹೂತೆ.

ಹಾವೇರಿಯಲ್ಲಿ ಇದೇ ವಿಷಯ ಕಲಿಸುವ ಗೆಳೆಯನಿಗೆ, ಬೇರೆ ಯಾರಿಗೋ ಆದದ್ದೆಂಬಂತೆ ಹೇಳಿ ನೋಡಿದೆ. "ಸತ್ತಂಗ ನಾಟಕ ಮಾಡ್ತಾವಲೇ ಅವು," ಎಂದ. ಹಾಗಾದರೆ ಹೂತದ್ದು ಯಾವುದು? ಅಕ್ಕನೇ ಸೆರಗಿನಲ್ಲಿ ಇನ್ನೊಂದನ್ನು ಇಟ್ಟುಕೊಂಡಿದ್ದಳೇ? ಅವಳಿಗೂ ತುಂಡು ಬೆರಳಿನದೇ ಸಿಗಬೇಕೇ? ಇವತ್ತಿಗೂ ನನಗೆ ತಿಳಿದಿಲ್ಲ.

ಆ ವಾರವೇ ಮಳೆ ಬಂತು. ಅದರಲ್ಲಿ ವಿಚಿತ್ರವೇನಿಲ್ಲ, ಬರುವ ಕಾಲವೇ ಅದು. ಆದರೆ ಓಣಿಯವರು ಹಾಗೆಂದುಕೊಳ್ಳಲಿಲ್ಲ. ಅಂದಿನಿಂದ ಅಕ್ಕನನ್ನು ಮದುವೆ ಮನೆಗಳಿಗೆ ಅರಿಷಿಣ ಹಚ್ಚಲು ಕರೆಯುತ್ತಿದ್ದಾರೆ. ನಾನು ಬಾಯಿ ಬಿಟ್ಟರೆ ಅದೂ ನಿಂತುಹೋದೀತು. ಹಾಗಾಗಿ ಅವಳಿಗೆ ಹೇಳಿಲ್ಲ, ಹೇಳಲಾರೆ.

ಈ ವರ್ಷ ಮತ್ತೆ ಫೋನ್ ಮಾಡಿದ್ದಳು.

"ಈ ಸಲಾನೂ ಹೆಣ್ಣು ನೀನ ತರಬೇಕ ನೋಡ ತಮ್ಮಾ. ನಿನ್ನ ಕೈಗುಣ ಭಾಳ ಚಲೋ ಐತಿ."

ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಹೂಂ ಅಂದೆ.