ಹೆಲ್ಮೆಟ್‌ಗೆ ಕುಂಕುಮ

"ರೀ, ಗಾಡಿ ಎಲ್ಲಿ ಹಚ್ಚೀರಿ?"

ಹತ್ತು ನಿಮಿಷದಲ್ಲಿ ಏಳನೇ ಸಲ ಕೇಳಿದಳು. ಮೊದಲೆರಡು ಸಲ, ಬೇವಿನ ಮರದ ಕೆಳಗೆ ಎಂದೆ. ಮೂರನೇ ಸಲ ಸಿಡುಕಿದೆ. ಏಳನೇ ಸಲಕ್ಕೆ ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದೆ.

ನನ್ನ ಹೆಂಡತಿ ಸುನಂದಾ ನಲವತ್ತನಾಲ್ಕನೇ ವಯಸ್ಸಿಗೆ ಕುದುರೆ ಸವಾರಿ ಕಲಿಯಲು ಹೊರಟವಳು. ಜೀಡಿಮೆಟ್ಲಾದ ಔಷಧ ಕಾರ್ಖಾನೆಯ ಲ್ಯಾಬ್‌ನಲ್ಲಿ ವಾರವಿಡೀ ನಿಂತು ಸಾಕಾಗಿತ್ತಂತೆ. ಆ ಭಾನುವಾರ ಬೆಳಿಗ್ಗೆ ನಾಯಿ ಬೊಗಳಿತು, ಕುದುರೆ ಬೆದರಿತು, ಇವಳು ಕಟ್ಟಿಗೆಯ ಬೇಲಿಗೆ ತಲೆ ಬಡಿದು ಬಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ತೆಲುಗಿನಲ್ಲಿ ಕೇಳಿದ್ದು, "ಹೆಲ್ಮೆಟ್ ಪೆಟ್ಟುಕುನ್ನಾರಾ?"

ಹಾಕಿದ್ದಳು. ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇರಲಿಲ್ಲ. ಕಂಕಶನ್, ಅಂದರೆ ಪೆಟ್ಟಿಗೆ ಮಿದುಳು ಅಲುಗಿದೆ ಎಂದರು. ಮೂರು ವಾರ ವಿಶ್ರಾಂತಿ, ಮೊಬೈಲ್ ಬೇಡ, ಟಿವಿ ಬೇಡ. ಆ ಹೆಲ್ಮೆಟ್ ಮಾತ್ರ ಬಿಸಾಕಿ, ಎರಡನೇ ಪೆಟ್ಟಿಗೆ ಅದು ತಲೆ ಕಾಯುವುದಿಲ್ಲ ಎಂದೂ ಹೇಳಿದರು.

ಮನೆಗೆ ಬಂದರೆ ಅವ್ವ ಅದನ್ನು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ದೇವರ ಜಗಲಿಯ ಮೇಲೆ ಇಟ್ಟಿದ್ದಳು.

"ನನ್ನ ಸೊಸೀ ಜೀವಾ ಉಳಿಸೇತಿ. ಬಿಸಾಕ್ತಾನಂತ, ಭಾಡ್ಯಾ!"

ಮೂರು ವಾರ ಕಿಟಕಿಗೆಲ್ಲ ಪರದೆ. ಕುಕ್ಕರ್ ಸೀಟಿ ಹೊಡೆದರೆ ಸುನಂದಾ ತಲೆ ಹಿಡಿದುಕೊಳ್ಳುತ್ತಿದ್ದಳು. ರೊಟ್ಟಿ ಬಡಿಯುವ ಸದ್ದೂ ಆಗದು. ಎಲ್ಲ ಸಹಿಸಿಕೊಂಡೆ. ಆದರೆ ಎದ್ದು ಕೂರುವಷ್ಟಾದ ಕೂಡಲೇ ಅವಳೂ ಅತ್ತೆಯ ಪಕ್ಷ ಸೇರಿದಳು.

"ಇನ್ನಮ್ಯಾಲೂ ಅದನ್ನ ಹಾಕ್ಕೋತೀನ್ರಿ. ನನಗ ಆಗಿಬಂದೈತಿ."

ಲ್ಯಾಬ್‌ನಲ್ಲಿ ಕೂದಲೆಳೆಯಷ್ಟು ಬಿರುಕಿದ್ದ ಗಾಜಿನ ಪಾತ್ರೆಯನ್ನೂ ಕಸಕ್ಕೆ ಹಾಕುವವಳು ಇವಳು! ಡಾಕ್ಟರ್ ಹೇಳಿದರು, ಸವಾರಿ ಕಲಿಸುವವರು ಫೋನಿನಲ್ಲಿ ಹೇಳಿದರು, ನಾನಂತೂ ದಿನಾ ಬಡಕೊಂಡೆ. ಯಾರಿಗೆ ಬೇಕು? ಇನ್ನೊಮ್ಮೆ ಬಿದ್ದರೆ ನನ್ನ ಹೆಸರೂ ಅವಳಿಗೆ ನೆನಪಿರಲಿಕ್ಕಿಲ್ಲ ಎಂಬ ಭಯ ನನ್ನೊಬ್ಬನಿಗೇ ಇದ್ದಂತಿತ್ತು.

ಒಂದು ಬೆಳಿಗ್ಗೆ ಸಿಟ್ಟಿಗೆದ್ದು ಹೆಲ್ಮೆಟ್ ಎತ್ತಿಕೊಂಡೆ. ಒಳಗಿನ ಬಟ್ಟೆ ಕಿತ್ತೆ. ಬಿಳಿ ಥರ್ಮೋಕೋಲ್ ಬೆರಳುದ್ದ ಸೀಳಿತ್ತು. ಅವ್ವನ ಕಣ್ಣೆದುರು ಹಿಡಿದೆ. ಅವಳು ಚಾಳೀಸು ಹಾಕಿಕೊಂಡು ನೋಡಿದಳು.

"ಅಯ್ಯ, ಭಿನ್ನ ಆಗೇತಲ್ಲೋ! ಭಿನ್ನ ಆದದ್ದನ್ನ ನನ್ನ ಕಡಿಂದ ಪೂಜಾ ಮಾಡಿಸಿದೆಲ್ಲೋ! ಮೊದಲ ಹೇಳಾಕ ಏನಾಗಿತ್ತು ನಿನಗ?"

ಒಡೆದ ಮೂರ್ತಿಯನ್ನು ಜಗಲಿಯ ಮೇಲೆ ಇಡಬಾರದು. ಅಷ್ಟೇ. ಮೂರು ವಾರ ನಾನು ಆ ಒಂದು ಶಬ್ದ ಬಿಟ್ಟು ಬೇರೆಲ್ಲ ಹೇಳಿದ್ದೆ. ಹೊಳೆಗೆ ಬಿಟ್ಟು ಬಾ ಎಂದಳು ಅವ್ವ. ನಾನು ಬೇರೆ ಯಾರೂ ಹಾಕಿಕೊಳ್ಳದಂತೆ ಪಟ್ಟಿ ಕತ್ತರಿಸಿ ಕಸಕ್ಕೆ ಹಾಕಿದೆ.

ಎರಡು ತಿಂಗಳಾದ ಮೇಲೆ ಡಾಕ್ಟರ್ ಒಪ್ಪಿದರು. ಕಳೆದ ಭಾನುವಾರ ಸುನಂದಾ ಹೊಸ ಹೆಲ್ಮೆಟ್ ಹಾಕಿಕೊಂಡು ಒಂದೇ ಸುತ್ತು ಹೋಗಿ ಬಂದಳು. ಇಳಿದು, ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ರೀ, ಗಾಡಿ ಎಲ್ಲಿ ಹಚ್ಚೀರಿ?"

ಬೇವಿನ ಮರದ ಕೆಳಗೆ ಎಂದೆ. ಕಾದೆ.

ಮತ್ತೆ ಕೇಳಲಿಲ್ಲ.